ಹತ್ತು ಗಂಟೆಯ ಫೋನು

ಮಗಳು ಕಾಣೆಯಾದ ಮೇಲೆ ಓಬಮ್ಮ ಅನ್ನ ಬಿಟ್ಟಿದ್ದಳು. ಆಮೇಲೆ ಆ ಫೋನು ಶುರುವಾಯಿತು. ಗಂಡ ಕೆಲಸಕ್ಕೆ ಹೋದ ಮೇಲೆ, ದಿನವೂ ಹತ್ತು ಗಂಟೆಗೆ, ಗುರುತಿಲ್ಲದ ನಂಬರಿನಿಂದ. ಎತ್ತಿದರೆ ಮಾತಿಲ್ಲ, ಬರೀ ಉಸಿರು. ಆ ಉಸಿರನ್ನು ನಂಬಿಕೊಂಡು ಓಬಮ್ಮ ಮತ್ತೆ ಎರಡು ತುತ್ತು ಉಣ್ಣತೊಡಗಿದಳು.

ಇವತ್ತು ತಡೆಯಲಾಗದೆ ಗಂಡನನ್ನೂ ಎಳೆದುಕೊಂಡು ಮೊಬೈಲ್ ಅಂಗಡಿಗೆ ಬಂದಳು.

"ಬೇಡ ಕಣೇ. ಹುಡುಕಿದ್ರೆ ಫೋನ್ ಮಾಡೋದನ್ನೂ ನಿಲ್ಲಿಸಿಬಿಡ್ತಾಳೆ," ಎಂದ ಗಂಡ.

"ಎಲ್ಲಿದಾಳೆ ಅಂತ ಗೊತ್ತಾಗ್ಲಿ. ಕಾಲು ಹಿಡಿದಾದ್ರೂ ಕರ್ಕೊಂಡು ಬರ್ತೀನಿ."

ಅಂಗಡಿಯವನು ದುಡ್ಡು ಕಳಿಸುವ ಆ್ಯಪಿನಲ್ಲಿ ನಂಬರು ಹಾಕಿದ. "ಯಾರದ್ದು ಅಂತ ಇದರಲ್ಲೇ ಹೆಸರು ಬರುತ್ತಮ್ಮ... ಬಂತು. ತಿಪ್ಪೇಸ್ವಾಮಿ. ಯಾರಮ್ಮ ಇವರು?"

ಮದುವೆಯಾದಾಗಿನಿಂದ ಗಂಡನ ಹೆಸರನ್ನು ಬಾಯಲ್ಲಿ ಹೇಳದ ಓಬಮ್ಮ, ಪಕ್ಕದಲ್ಲಿ ನಿಂತವನತ್ತ ಬೆರಳು ತೋರಿಸಿದಳು.