ರೂಬೆನ್ ಲಸ್ಕಂ, ಎಸ್ಕ್ವಾಯರ್

"ಯಾರಪ್ಪಾ ಈ ಎಸ್ಕ್ವಾಯರ್ ಸಾಹೇಬ್ರು?"

ಈರುಳ್ಳಿ ಮಡಿಯ ನಡುವೆ ನಿಂತು ರೂಬೆನ್ ಲಸ್ಕಂ ಹೀಗೆ ಕೇಳಿದಾಗ ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಟಪಾಲಿನವನ ಸೈಕಲ್ಲು ಆಗಲೇ ಇಳಿಜಾರು ದಾಟಿತ್ತು. ಕೈಯ ಮಣ್ಣನ್ನು ಷರಾಯಿಗೆ ಒರೆಸಿಕೊಂಡು ಲಕೋಟೆಯನ್ನು ಮತ್ತೊಮ್ಮೆ ಕಣ್ಣಿನ ಹತ್ತಿರ ಹಿಡಿದ. ಹೆಸರು ಅವನದೇ, ಮನೆಯ ವಿಳಾಸವೂ ಅವನದೇ. ಆದರೆ ಐವತ್ತೆಂಟು ವರ್ಷ ಅವನ ಹೆಸರಿಗೆ ಅಂಟದಿದ್ದ ಬಾಲವೊಂದು ಈಗ ನೀಲಿ ಮಸಿಯಲ್ಲಿ ಠೀವಿಯಿಂದ ಕುಳಿತಿತ್ತು: ರೂಬೆನ್ ಲಸ್ಕಂ, ಎಸ್ಕ್ವಾಯರ್.

ಹೆಂಡತಿ ಡಾರ್ಕಸ್ ಹೊರಗೆ ಬಂದವಳು ಲಕೋಟೆಯನ್ನು ನೋಡಿ, ಅಂಚು ಹಿಡಿದು ಅವನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಮರಳಿ ಬಂದಾಗ ಒಗೆದ ಏಪ್ರನ್ ಕಟ್ಟಿದ್ದಳು. ಕೈಯಲ್ಲಿ ಚಹಾದ ತಗಡಿನ ತಟ್ಟೆ, ಅದರ ನಟ್ಟನಡುವೆ ಲಕೋಟೆ. ಮೊಣಕಾಲು ತುಸು ಬಗ್ಗಿಸಿ ಹೇಳಿದಳು:

"ಟಪಾಲು ಬಂದಿದೆ ಸಾರ್. ತಾವು ತಗೋಬೇಕು."

"ಏನೇ ಇದು, ಬೆಳಿಗ್ಗೆ ಬೆಳಿಗ್ಗೆ ನಾಟಕ!"

"ಸುಮ್ನೆ ತಗೋ ಮಾರಾಯ. ಮದುವೆಗೆ ಮುಂಚೆ ಹನ್ನೊಂದು ವರ್ಷ ದೊಡ್ಡ ಮನೇಲಿ ಬೆಳ್ಳಿ ತಟ್ಟೇಲಿಟ್ಟು ಇಂಥ ಕಾಗದಾನೇ ಹೊತ್ತಿದೀನಿ. ಜಮೀನು, ಮನೆತನ ಇದ್ದೋರಿಗೆ ಎಸ್ಕ್ವಾಯರ್. ನಮ್ಮಂಥೋರಿಗೆ ಮಿಸ್ಟರ್, ಅದೂ ಬರೆಯೋನಿಗೆ ಮನಸ್ಸು ಬಂದ್ರೆ. ನನ್ನ ಗಂಡನಿಗೂ ಒಂದು ಸಲ ಹೊರ್ತೀನಿ, ಹೊರೋಕೆ ಬಿಡು."

ಒಳಗಿದ್ದ ಪತ್ರ ಊರಿನ ಫಲಪುಷ್ಪ ಪ್ರದರ್ಶನದ್ದು. ಈರುಳ್ಳಿಯಲ್ಲಿ ಮೊದಲ ಬಹುಮಾನ ರೂಬೆನ್‌ಗೆ. ಎರಡನೆಯದು ದೊಡ್ಡ ಮನೆಯ ಲಯನೆಲ್ ಹ್ಯಾವರ್‌ಗಲ್ ಅವರಿಗೆ. ಅವರ ತೋಟದ ಮಾಲಿಯೂ ರೂಬೆನ್ನೇ. ಆ ಈರುಳ್ಳಿಗೆ ಗೊಬ್ಬರ ಹಾಕಿ, ನೀರು ಹನಿಸಿ, ಮಗುವಿನಂತೆ ಒರೆಸಿ ಕಳಿಸಿದವನೂ ಅವನೇ.

"ಗೆದ್ದೋನೂ ನಾನೇ, ಸೋತೋನೂ ನಾನೇ," ಎಂದು ರೂಬೆನ್ ನಕ್ಕ. ಲಕೋಟೆ ಬೆಂಕಿಗೂಡಿನ ಮೇಲಿನ ಹಲಗೆ ಏರಿತು. ಅಲ್ಲಿದ್ದ ಬೈಬಲ್ಲು ಒಂದಂಗುಲ ಸರಿದು ಜಾಗ ಕೊಟ್ಟಿತು.

ಸಂಜೆ ಚಹಾದ ಹೊತ್ತಿಗೆ ಹ್ಯಾವರ್‌ಗಲ್ ಖುದ್ದಾಗಿ ಬಂದರು. ಎಡಗಾಲು ಎಳೆಯುತ್ತ ಒಳಗೆ ಬಂದು, ಇನ್ನೊಂದು ಲಕೋಟೆಯನ್ನು ಮೇಜಿನ ಮೇಲಿಟ್ಟರು. ಅದರ ಮೇಲೆ 'ಮಿಸ್ಟರ್ ಲಯನೆಲ್ ಹ್ಯಾವರ್‌ಗಲ್' ಎಂದಿತ್ತು.

"ಲಂಡನ್ನಿನಿಂದ ಬಂದಿರೋ ಆ ಹೊಸ ಟೀಚರಮ್ಮ ಪ್ರದರ್ಶನದ ಕಾರ್ಯದರ್ಶಿ ಆಗಿದ್ದಾಳಲ್ಲ, ಎಲ್ಲ ತಿರುವು ಮುರುವು ಮಾಡಿಟ್ಟಿದ್ದಾಳೆ ಲಸ್ಕಂ. ಕೇಳಿದ್ರೆ, 'ಮೊದಲು ಬಂದೋರು ಎಸ್ಕ್ವಾಯರ್, ಎರಡನೆಯೋರು ಮಿಸ್ಟರ್. ನಾನು ನೋಡಿದ್ದು ಈರುಳ್ಳಿ, ಮನೆತನ ಅಲ್ಲ' ಅಂತಾಳೆ."

ಡಾರ್ಕಸ್ ಕೆಟಲಿನ ಕಡೆ ತಿರುಗಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

"ಶನಿವಾರ ಸಭಾಂಗಣದ ಬಾಗಿಲಿಗೆ ಬಹುಮಾನದ ಪಟ್ಟೀನ ಹೀಗೇ ಹಚ್ತಾಳಂತೆ. ತಪ್ಪಾಗಿದೆ ಅಂತ ನೀನೇ ಹೇಳಿದ್ರೆ ಮಾತ್ರ ತಿದ್ದೋದಂತೆ. ನಿನ್ನ ಲಕೋಟೆ ಮೇಲೆ ಆ ಪದದ ಮೇಲೊಂದು ಗೆರೆ ಎಳೆದುಕೊಡು, ಸಾಕು." ಅವರು ತಮ್ಮ ಬಂಗಾರದ ಮೂತಿಯ ಪೆನ್ನನ್ನು ಮುಂದಿಟ್ಟರು. "ಎಸ್ಕ್ವಾಯರ್ ಅಂದ್ರೆ ಏನು ಅಂದ್ಕೊಂಡೆ? ಹಳೇ ಕಾಲದಲ್ಲಿ ನೈಟ್ ಅನ್ನೋ ವೀರ ಯುದ್ಧಕ್ಕೆ ಹೊರಟ್ರೆ ಅವನ ಗುರಾಣಿ ಹೊತ್ತು ಹಿಂದೆ ಹೋಗ್ತಿದ್ದೋನು. ಈರುಳ್ಳಿ ಬೆಳೆದ್ರೆ ಬರೋ ಮರ್ಯಾದೆಯಲ್ಲ ಅದು."

ರೂಬೆನ್ ಚಹಾದ ಬಟ್ಟಲನ್ನು ನಿಧಾನವಾಗಿ ತಿರುಗಿಸಿದ.

"ಮೊದಲನೇ ಮಹಾಯುದ್ಧದಲ್ಲಿ ನಾನು ನಿಮ್ಮ ಆಳಾಗಿದ್ನಲ್ಲ ಸಾರ್, ಫ್ರಾನ್ಸಿನ ಅರಾಸ್‌ನಲ್ಲಿ. ನಿಮ್ಮ ಚೀಲ ಯಾರು ಹೊತ್ತಿದ್ದು?"

"ನೀನೇ."

"ನಿಮ್ಮ ಒದ್ದೆ ಕೋಟು?"

"ಅದೂ ನೀನೇ."

"ಕೊನೇ ಮೈಲಿ, ಕೆಸರಲ್ಲಿ, ನಿಮ್ಮನ್ನ?"

ಹ್ಯಾವರ್‌ಗಲ್ ತಮ್ಮ ಎಡಗಾಲನ್ನು ನೋಡಿಕೊಂಡರು. ಆಮೇಲೆ ಅವರು, ಅದುವರೆಗೆ ರೂಬೆನ್ ಕೇಳಿರದ ದನಿಯಲ್ಲಿ, ಹೇಳಿದರು:

"ಬ್ಯಾಂಕಿನೋರು ಮಿಸ್ಟರ್ ಅಂತ ಬರೀತಾರೆ. ತೆರಿಗೆಯೋರೂ ಮಿಸ್ಟರ್. ನಮ್ಮಪ್ಪ, ನಮ್ಮಜ್ಜ, ಎಲ್ಲರಿಗೂ ಎಸ್ಕ್ವಾಯರ್ ಅಂತ್ಲೇ ಕಾಗದ ಬರ್ತಿತ್ತು. ನನಗೆ ಹಾಗೆ ಬರೀತಿದ್ದದ್ದು ಈ ಪ್ರದರ್ಶನ ಒಂದೇ ಕಣೋ."

ರೂಬೆನ್‌ನ ಎದೆ ಕರಗಿತು. ಮೂವತ್ತು ವರ್ಷ ಪಳಗಿದ 'ಆಗಲಿ ಸಾರ್' ನಾಲಿಗೆಯ ತುದಿಗೇ ಬಂದು ನಿಂತಿತು. ಡಾರ್ಕಸ್ ತಗಡಿನ ತಟ್ಟೆಯನ್ನು ಎದೆಗೆ ಅವುಚಿಕೊಂಡು ಅವನನ್ನೇ ನೋಡುತ್ತಿದ್ದಳು. ಅವನು ಪೆನ್ನು ತೆಗೆದುಕೊಂಡ. ಹಲಗೆಯ ಮೇಲಿದ್ದ ತನ್ನ ಲಕೋಟೆಯತ್ತ ಕೈಚಾಚಲಿಲ್ಲ. ಮೇಜಿನ ಮೇಲಿದ್ದ ಅವರ ಲಕೋಟೆಯನ್ನು ಎಳೆದುಕೊಂಡು, ಮಿಸ್ಟರ್ ಎಂಬುದನ್ನು ಹೊಡೆದುಹಾಕಿ, ಹೆಸರಿನ ಕೊನೆಗೆ, ತನ್ನ ಲಕೋಟೆಯ ಅಕ್ಷರಗಳನ್ನು ನೋಡಿ ನೋಡಿ, ಈರುಳ್ಳಿ ಸಸಿ ನೆಟ್ಟಷ್ಟೇ ನಿಧಾನವಾಗಿ ಬರೆದ: ಎಸ್ಕ್ವಾಯರ್.

"ತಗೊಳ್ಳಿ ಸಾರ್. ನಾಳೆ ಟೀಚರಮ್ಮನಿಗೆ ನಾನೇ ಹೇಳ್ತೀನಿ, ಬಾಗಿಲಲ್ಲೂ ಹೀಗೇ ಹಚ್ಚಿ ಅಂತ. ನಿಮ್ಮ ತೋಟದ ಈರುಳ್ಳೀನೂ ಏನೂ ಕಡಿಮೆ ಇರಲಿಲ್ಲ."

ಹ್ಯಾವರ್‌ಗಲ್ ಆ ವಕ್ರ ಅಕ್ಷರಗಳನ್ನು ಬೆರಳಿಂದ ಸವರಿದರು. ತುಟಿಯಂಚಿಗೆ ನಗು ಬಂದೇ ಬಿಟ್ಟಿತು. ಆದರೂ ಕಣ್ಣು ಹಲಗೆಯ ಕಡೆ ಹೋಯಿತು.

"ಸರಿ. ಇನ್ನು ನಿನ್ನದನ್ನ ಹೊಡೆದು ಹಾಕಿಬಿಡು."

ರೂಬೆನ್ ಪೆನ್ನಿಗೆ ಮುಚ್ಚಳ ಹಾಕಿ, ಹೆಂಡತಿಯ ತಟ್ಟೆಯಲ್ಲಿಟ್ಟ. ಅವಳು ಮೊಣಕಾಲು ತುಸು ಬಗ್ಗಿಸಿ ಅದನ್ನು ಅವರ ಮುಂದೆ ಹಿಡಿದಳು.

"ಇಲ್ಲ ಸಾರ್," ಎಂದ ರೂಬೆನ್. "ಅದು ಆಗಲ್ಲ."