ಗೋಪುರದ ಬುಡ

ಮೂರನೇ ಕಾಂಕ್ರೀಟ್ ಕಟ್ಟೆಯೂ ಸಿಕ್ಕಿತು. ಹಳೇ ರೇಡಿಯೋ ಗೋಪುರವನ್ನು ಎಳೆದು ಹಿಡಿದಿದ್ದ ತಂತಿಗಳನ್ನು ಬಿಗಿದಿದ್ದು ಈ ಮೂರಕ್ಕೆ. ಗೋಪುರ ನಿಂತಿದ್ದು ಇವುಗಳ ನಟ್ಟನಡುವೆ. ಮಗಳು ಟೇಪು ಹಿಡಿದು ಅಳೆಯುತ್ತಾ ಆ ನಡುವಿಗೆ ಬಂದಳು. ಅಲ್ಲಿದ್ದದ್ದು ಮಾರ್ಕೆಟ್ಟಿನ ಕಕ್ಕಸು.

ಅಮ್ಮ ಮೊದಲನೇ ಕಟ್ಟೆಯ ಮೇಲೆ ಕೂತಿದ್ದಳು. ಗೋಪುರಕ್ಕೆ ಬಣ್ಣ ಬಳಿಯುತ್ತಿದ್ದ ಅಪ್ಪ ಬಿದ್ದು ಸತ್ತಿದ್ದು ಗೋಪುರದ ಬುಡದಲ್ಲೇ. ಗೋಪುರ ಗುಜರಿಗೆ ಹೋದ ಮೇಲೆ ಅಮ್ಮನ ಕಣ್ಣಿಗೆ ಬಿದ್ದಿದ್ದು ಈ ಕಟ್ಟೆಯೊಂದೇ. ಇದೇ ಬುಡ ಎಂದುಕೊಂಡು ಇಪ್ಪತ್ತೆರಡು ವರ್ಷದಿಂದ ಬಂದು, ಧೂಳು ಒರೆಸಿ, ಮನೆಯ ಸುದ್ದಿಯನ್ನೆಲ್ಲ ಇದಕ್ಕೆ ಹೇಳಿ ಹೋಗುತ್ತಿದ್ದಳು.

“ಏನೇ, ಸಿಕ್ತಾ ಬುಡ?”

“ನೀನು ಕೂತಿರೋದೇ ಅಮ್ಮಾ.”

“ನಾನು ಬಡ್ಕೊಂಡಿದ್ದೂ ಅದನ್ನೇ.” ಅಮ್ಮ ಸರಿದು ಜಾಗ ಮಾಡಿಕೊಟ್ಟಳು. “ಬಾ, ಅಪ್ಪನ ಹತ್ರ ಕೂತ್ಕೋ. ಆ ಕಕ್ಕಸಿನ ಕಡೆಯಿಂದ ಗಬ್ಬು ನಾತ. ನನ್ ಥರ ಅದಕ್ಕೆ ಬೆನ್ನು ಹಾಕಿ ಕೂತ್ಕೋ.”