ಸಾರಿನ ಪುಡಿಗೊಂದು ಹೆಸರು

ಹನ್ನೆರಡು ವರ್ಷದಿಂದ ತಾನೇ ಹುರಿದು ಪುಡಿ ಮಾಡಿ ಮಾರಾಟಕ್ಕೆ ಕೊಡುತ್ತಿದ್ದ ಸಾರಿನ ಪುಡಿಗೆ ತನ್ನ ಹೆಸರೇ ಇರಲಿ ಎಂದಳು ಮಾಲಾ. ಮಾಲೀಕನೆನಿಸಿಕೊಂಡ ಗಂಡ ಆಗಲಿ ಎಂದು ತಲೆಯಾಡಿಸಿದ. ವಾರ ಕಳೆದ ಮೇಲೆ ಸಲಹೆಗಾರನೊಬ್ಬನನ್ನು ಕರೆತಂದ. ಅವನ ಕುತ್ತಿಗೆಯಲ್ಲಿ ಟೈ, ಬಾಯಲ್ಲಿ ಯುರೋಪು.

“ಮೇಡಂ, ಮಾಲಾ ಅಂದ್ರೆ ಸ್ಪೇನಿನವರಿಗೆ ಕೆಟ್ಟದ್ದು. ಪೋರ್ಚುಗಲ್ಲಿನವರಿಗೆ ಸೂಟ್‌ಕೇಸು. ಸ್ವೀಡನ್ನಿನವರಿಗೆ ಪುಡಿ ಮಾಡೋದು.”

“ಪುಡಿ ಮಾಡೋದು ಸರಿಯಾಗೇ ಇದೆಯಲ್ಲ. ನಾನು ಮಾಡ್ತಿರೋದೂ ಅದನ್ನೇ.”

“ಒಂದು ದೇಶಕ್ಕೆ ಸರಿಹೋದ್ರೆ ಸಾಲದು ಮೇಡಂ.”

ಗಂಡ ನಿಟ್ಟುಸಿರಿಟ್ಟ. ಬೆಳಿಗ್ಗೆಯಿಂದ ಅಭ್ಯಾಸ ಮಾಡಿಕೊಂಡು ಬಂದ ನಿಟ್ಟುಸಿರಿನಂತಿತ್ತು ಅದು. “ನನಗೂ ನಿನ್ನ ಹೆಸರೇ ಇಡೋ ಆಸೆ ಕಣೆ. ನಾಳೆ ಫಾರಿನ್‌ನವರು ನಕ್ಕರೆ ಮರ್ಯಾದೆ ಹೋಗೋದು ನಿಂದೇ.”

“ಹಾಗಾದ್ರೆ ಯಾವ ಹೆಸರು ಇಡ್ತೀರಿ?”

“ಇಬ್ಬರೂ ಕೂತು ನಿಧಾನವಾಗಿ ಯೋಚಿಸೋಣ. ಅವಸರ ಏನಿದೆ?”

ಅಷ್ಟರಲ್ಲಿ ವ್ಯಾನಿನ ಡ್ರೈವರ್ ಬಾಗಿಲಲ್ಲಿ ಇಣುಕಿದ.

“ಸಾರ್, ಪ್ಯಾಕೆಟ್ ಕವರು ಪ್ರಿಂಟಾಗಿ ಬಂದ್ವು. ನಿಮ್ಮ ಹೆಸರು, ಫೋಟೋ ಎರಡೂ ಚೆನ್ನಾಗಿ ಬಂದಿವೆ. ಮಾಲು ಎಂದಿನಂಗೆ ತಿಪಟೂರು, ಅರಸೀಕೆರೆಗೆ ಮಾತ್ರ ತಾನೆ?”